ತಂಬಾಕು ಸೀಮೆಯ ಕ್ಯಾಂಪುಗಳಲ್ಲಿ ಎಚ್‌ಐವಿ, ಸಿಫಿಲಿಸ್ ಟೆಸ್ಟಿಂಗ್: ನಾವು ಹೇಗೆ ಮಾಡ್ತೀವಿ

ಸಂಜೆ ಏಳೂವರೆಗೆ ಮುಂಚೆ ಕ್ಯಾಂಪಿಗೆ, ಅಂದ್ರೆ ಅಮೆರಿಕದಲ್ಲಿ ಹೊರಗಿಂದ ಬಂದ ಹೊಲದ ಕೂಲಿಯವರು ತಂಗೋ ಜಾಗಕ್ಕೆ, ಹೋಗಿ ಏನೂ ಉಪಯೋಗ ಇಲ್ಲ. ಹೊಲದಿಂದ ಬಸ್ ವಾಪಸ್ ಬರೋದೇ ಆರು ಆರೂವರೆ, ಆಮೇಲೆ ಸ್ನಾನಕ್ಕೆ ಸಾಲು, ಒಲೆಗೆ ಸಾಲು, ನಾಳೆ ಬೆಳಗ್ಗೆಯ ಬುತ್ತಿ ಕಟ್ಟಿಡ್ಬೇಕು, ಊರಿಗೆ ವಿಡಿಯೋ ಕಾಲ್ ಮಾಡ್ಬೇಕು, ಇಷ್ಟೆಲ್ಲ ಮುಗಿದ್ಮೇಲೇನೇ ಯಾರಾದ್ರೂ ನಮ್ಮ ವ್ಯಾನ್ ಕಡೆ ಹೆಜ್ಜೆ ಹಾಕೋದು. ಸರ್ಕಾರಿ ಆರೋಗ್ಯ ಇಲಾಖೆ ಕ್ಲಿನಿಕ್ಕುಗಳು ಬೆಳಗ್ಗೆ ಎಂಟರಿಂದ ಐದರ ತನಕ ತೆರೆದಿಟ್ಕೊಂಡು ಈ ಗಂಡಸರು ಟೆಸ್ಟಿಗೆ ಬರಲ್ಲ ಬರಲ್ಲ ಅಂತ ರಿಪೋರ್ಟ್ ಬರೀತಾವೆ, ಬರೋದಾದ್ರೂ ಹೇಗೆ, ಕಾರಿಲ್ಲ, ಹತ್ತಿರದ ಪೇಟೆ ಇಪ್ಪತ್ತು ಮೈಲಿ, ಒಂದಿನದ ಕೂಲಿ ಬಿಡ್ಬೇಕು.

ನಾನಿರೋದು ನಾರ್ತ್ ಕ್ಯಾರೊಲೈನಾದ ಪೂರ್ವ ಭಾಗದಲ್ಲಿ. ತಂಬಾಕು, ಸೌತೆಕಾಯಿ, ಗೆಣಸು ಬೆಳೆಯೋ ಸೀಮೆ, ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಗೆಣಸು ಬರೋದು ಈ ರಾಜ್ಯದಿಂದಾನೇ. ಏಪ್ರಿಲ್‌ನಿಂದ ನವೆಂಬರ್ ತನಕ ಇಲ್ಲಿ ಹೊಲದ ಕೆಲಸ ಮಾಡೋರು ಹೆಚ್ಚಿನವರು ಮೆಕ್ಸಿಕೋದಿಂದ ಎಚ್-2ಎ ಅನ್ನೋ ಸೀಸನಲ್ ವೀಸಾದಲ್ಲಿ ಬಂದ ಗಂಡಸರು, ಜೊತೆಗೆ ಪೇಪರ್ ಇಲ್ಲದೆ ವರ್ಷಗಟ್ಟಲೆ ಇಲ್ಲೇ ಇರೋ ಗ್ವಾಟೆಮಾಲಾ, ಹೊಂಡುರಾಸ್ ಕಡೆಯೋರು. ನಾನು ಒಂದು ಕಮ್ಯುನಿಟಿ ಹೆಲ್ತ್ ಸೆಂಟರ್‌ನಲ್ಲಿ ಔಟ್‌ರೀಚ್ ನರ್ಸ್. ಇಂಥ ಸೆಂಟರ್‌ಗಳಿಗೆ ದುಡ್ಡು ಬರೋ ದಾರಿ ಶುರುವಾಗಿದ್ದು 1962ರ ಮೈಗ್ರೆಂಟ್ ಹೆಲ್ತ್ ಆಕ್ಟ್‌ನಿಂದ, ಪೇಷೆಂಟ್ ತನ್ನ ಆದಾಯ ನೋಡ್ಕೊಂಡು ಎಷ್ಟಾಗುತ್ತೋ ಅಷ್ಟು ಕೊಡೋದು. ಇಲ್ಲಿಗೆ ಬರೋ ಮುಂಚೆ ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯಲ್ಲಿದ್ದೆ, ಎಚ್‌ಐವಿ ಟೆಸ್ಟೂ ಕೌನ್ಸೆಲಿಂಗೂ ಮಾಡೋ ಐಸಿಟಿಸಿ ಕೋಣೆ ನಮ್ಮ ವಾರ್ಡಿನ ಪಕ್ಕದಲ್ಲೇ, ಗೋವಾಕ್ಕೆ ಪುಣೆಗೆ ದುಡಿಯೋಕೆ ಹೋಗಿ ಬಂದವರು, ಲಾರಿ ಡ್ರೈವರುಗಳು, ಅವರ ಹೆಂಡತಿಯರು, ಎಲ್ಲರನ್ನೂ ಅಲ್ಲೇ ನೋಡಿದ್ದು. ಎನ್‌ಕ್ಲೆಕ್ಸ್ ಅನ್ನೋ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ ಪಾಸಾಗಿ ಇಲ್ಲಿ ಕೆಲಸಕ್ಕೆ ಸೇರ್ದಾಗ ಟ್ರೈನಿಂಗ್‌ನಲ್ಲಿ ಒಂದು ಸ್ಲೈಡು ಹಾಕಿದ್ರು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಗಂಡಸರ ಮಾಚಿಸ್ಮೋ, ಅಂದ್ರೆ ಗಂಡಸ್ತನ ಮೆರೆಸೋ ಸಂಸ್ಕೃತಿನೇ ಅವರ ರಿಸ್ಕಿಗೆ ಕಾರಣ ಅಂತ. ನನಗೆ ಆವತ್ತೂ ಅದು ಒಪ್ಪಿಗೆ ಆಗಿಲ್ಲ, ಈಗಂತೂ ಇಲ್ವೇ ಇಲ್ಲ. ಯಾವ ದೇಶದ ಗಂಡಸರನ್ನಾದ್ರೂ ಎಂಟು ತಿಂಗಳು ಹೆಂಡತಿ ಮಕ್ಕಳಿಂದ ದೂರ ಇಟ್ಟು, ಹನ್ನೆರಡು ಜನರನ್ನ ಒಂದು ಶೆಡ್ಡಿನಲ್ಲಿ ಮಲಗಿಸಿ, ಶುಕ್ರವಾರ ಸಂಜೆ ಕೈಗೆ ಕ್ಯಾಶ್ ಕೊಟ್ಟು, ಸುತ್ತ ಏಳೆಂಟು ಮೈಲಿ ಹೊಲ ಬಿಟ್ರೆ ಏನೂ ಇಲ್ಲದ ಕಡೆ ಬಿಡಿ ನೋಡೋಣ, ಸಂಸ್ಕೃತಿ ಬಗ್ಗೆ ಆಮೇಲೆ ಮಾತಾಡಬಹುದು.

ಸಂಖ್ಯೆ ಬೇಕನ್ನೋರಿಗೆ ಒಂದೇ ಮಾತು. ಅಮೆರಿಕದಲ್ಲಿ ಲ್ಯಾಟಿನೋಗಳು ಹೆಚ್ಚುಕಮ್ಮಿ ಐದರಲ್ಲಿ ಒಬ್ಬರು, ಆದ್ರೆ ಹೊಸ ಎಚ್‌ಐವಿ ಸೋಂಕುಗಳಲ್ಲಿ ಹತ್ತತ್ರ ಮೂರರಲ್ಲಿ ಒಂದು ಅವರದು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ 2022ರ ಅಂದಾಜು ಇದು, ಅದರಲ್ಲೂ ಬಹುಪಾಲು ಗಂಡಸರ ಜೊತೆ ಸೆಕ್ಸ್ ಮಾಡೋ ಗಂಡಸರಲ್ಲಿ. ಲ್ಯಾಟಿನೋ ಅನ್ನೋದೇನು ಒಂದು ಜಾತಿ ಅಲ್ಲ ಅನ್ನೋದೂ ನೆನಪಿರಲಿ, ಹುಟ್ಟಿನಿಂದಲೇ ಅಮೆರಿಕನ್ ಸಿಟಿಜನ್ ಆಗಿರೋ ಪೋರ್ಟೊ ರಿಕೋದವನೂ ಅದೇ ಲೆಕ್ಕದಲ್ಲಿ ಬರ್ತಾನೆ, ಸ್ಪ್ಯಾನಿಷ್ಷೇ ಸರಿಯಾಗಿ ಬರದ, ಮಾಮ್ ಭಾಷೆ ಆಡೋ ಗ್ವಾಟೆಮಾಲಾದ ಹುಡುಗನೂ ಅದರಲ್ಲೇ.

ಶುಕ್ರವಾರ ಸಂಬಳದ ದಿನ ಬಿಯರ್ ಬರುತ್ತೆ, ಕೆಲವು ಕ್ಯಾಂಪುಗಳಿಗೆ ಅದರ ಹಿಂದೇನೇ ಒಂದು ಕಾರಿನಲ್ಲಿ ಹೆಂಗಸರೂ ಬರ್ತಾರೆ. ಒಂದು ಸಂಜೆಗೆ ಎರಡು ಮೂರು ಕ್ಯಾಂಪು ಸುತ್ತುತ್ತಾರೆ. ಆ ಹೆಂಗಸರಲ್ಲಿ ತಾನಾಗೇ ಈ ಕೆಲಸಕ್ಕೆ ಬಂದೋರು ಎಷ್ಟು ಜನ, ಯಾರೋ ಬೆದರಿಸಿ ಕರ್ಕೊಂಡು ಬಂದೋರು ಎಷ್ಟು ಜನ ಹೊರಗಿಂದ ನೋಡೋರಿಗೆ ಗೊತ್ತಾಗಲ್ಲ, ಕಾರು ಓಡಿಸೋ ಗಂಡಸು ಅವರನ್ನ ನಮ್ಮ ಜೊತೆ ಮಾತಾಡೋಕೆ ಬಿಡೋದೂ ಇಲ್ಲ. ನಾವು ಮಾಡೋಕೆ ಆಗೋದು ಕಾಂಡೋಮ್ ಡಬ್ಬಿಗಳನ್ನ ಕ್ಯಾಂಪಿನ ಬಚ್ಚಲುಮನೆಯಲ್ಲಿ ಇಡೋದು, ಅಡುಗೆಮನೆಯಲ್ಲಲ್ಲ, ಅಡುಗೆಮನೆಯಲ್ಲಿ ಇಟ್ರೆ ಎಲ್ಲರ ಎದುರಿಗೆ ಯಾರೂ ಮುಟ್ಟಲ್ಲ. ಬಚ್ಚಲಲ್ಲಿ ಇಟ್ರೆ ಮುಂದಿನ ವಾರಕ್ಕೆ ಡಬ್ಬಿ ಖಾಲಿ. ಜೊತೆಗೆ ನೀರಿನ ಲ್ಯೂಬ್ರಿಕೆಂಟ್ ಪ್ಯಾಕೆಟ್ ಇಡಲೇಬೇಕು, ಇಲ್ಲಾಂದ್ರೆ ವ್ಯಾಸಲೀನ್ ಹಚ್ಚುತ್ತಾರೆ, ಎಣ್ಣೆ ತಾಗಿದ್ರೆ ಲೇಟೆಕ್ಸ್ ಹರಿಯುತ್ತೆ. ಜುಲೈ ಬಿಸಿಲಲ್ಲಿ ಪ್ಯಾಂಟಿನ ಹಿಂದಿನ ಜೇಬಲ್ಲಿ ವಾರಗಟ್ಟಲೆ ಇಟ್ಕೊಂಡ ಕಾಂಡೋಮ್‌ದೂ ಅದೇ ಕಥೆ.

ಇನ್ನು ಟೆಸ್ಟಿಂಗ್. ನಮ್ಮ ವ್ಯಾನ್ ಮೇಲೆ ಎಚ್‌ಐವಿ ಅಂತ ಎಲ್ಲೂ ಬರೆದಿಲ್ಲ. ಬೋರ್ಡಲ್ಲಿ ಬಿಪಿ, ಶುಗರ್ ಅಂತ ಇದೆ, ಅದು ಸುಳ್ಳೂ ಅಲ್ಲ, ನಿಜವಾಗ್ಲೂ ಎಲ್ಲರಿಗೂ ಬಿಪಿ ಶುಗರ್ ನೋಡ್ತೀವಿ, ಮತ್ತೆ ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕ್ತೀವಿ. ಪ್ರತಿಯೊಬ್ಬರೂ ಒಳಗೆ ಅಷ್ಟೇ ಹೊತ್ತು ಕೂರ್ತಾರೆ, ಟೆಸ್ಟ್ ಮಾಡಿಸ್ಕೊಂಡವನೂ, ಬೇಡ ಅಂದವನೂ. ಬೇಗ ಮುಗೀತು ಅಂತ ಒಬ್ಬನನ್ನ ಎರಡೇ ನಿಮಿಷಕ್ಕೆ ಹೊರಗೆ ಕಳಿಸಿ ಇನ್ನೊಬ್ಬನನ್ನ ಅರ್ಧ ಗಂಟೆ ಕೂರಿಸಿದ್ರೆ ಹೊರಗೆ ಬೆಂಚ್ ಮೇಲೆ ಕೂತವರಿಗೆ ಎಲ್ಲ ಅರ್ಥ ಆಗುತ್ತೆ. ಕ್ಯಾಂಪಿನಲ್ಲಿ ಗಾಳಿಮಾತು ಹಬ್ಬೋಕೆ ಒಂದು ರಾತ್ರಿಯೂ ಬೇಕಿಲ್ಲ, ಅದು ಹನ್ನೆರಡು ದಿನದೊಳಗೆ ಅವನ ಊರಿಗೂ ಮುಟ್ಟುತ್ತೆ, ಯಾಕಂದ್ರೆ ಒಂದು ಕ್ಯಾಂಪಿನವರೆಲ್ಲ ಸಾಮಾನ್ಯವಾಗಿ ಒಂದೇ ಊರಿನ ಕಡೆಯೋರು, ಅಣ್ಣ ತಮ್ಮ ಭಾವ ಮೈದುನ ಎಲ್ಲ ಒಟ್ಟಿಗೇ ಬಂದಿರ್ತಾರೆ. ಮೇಸ್ತ್ರಿಗೆ ಗೊತ್ತಾದ್ರೆ ಇನ್ನೂ ಕಷ್ಟ, ಮುಂದಿನ ವರ್ಷ ಯಾರನ್ನ ಕರೀಬೇಕು ಅನ್ನೋ ಪಟ್ಟಿಯಲ್ಲಿ ಅವನ ಮಾತು ನಡೆಯುತ್ತೆ, ಎಚ್-2ಎ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ ವೀಸಾ, ಅವನು ಕರೀಲಿಲ್ಲ ಅಂದ್ರೆ ಬರೋ ದಾರಿ ಮುಚ್ಚಿದ ಹಾಗೇ.

ನಾನು ಹೆಂಗಸು, ಗಂಡಸರು ನನ್ನ ಹತ್ರ ಬಾಯಿ ಬಿಡ್ತಾರಾ ಅಂತ ನಮ್ಮ ಕಡೆಯ ನರ್ಸುಗಳು ಕೇಳ್ತಾರೆ. ಬಿಡ್ತಾರೆ. ಬಣ್ಣ ನೋಡಿ ಮೊದಲು ನನ್ನನ್ನ ಮೆಕ್ಸಿಕೋದವಳು ಅಂತಾನೇ ಅಂದ್ಕೊಂಡು ಪಟಪಟ ಸ್ಪ್ಯಾನಿಷ್ ಶುರು ಮಾಡ್ತಾರೆ, ಇಂಡಿಯಾದವಳು ಅಂತ ಗೊತ್ತಾದ್ಮೇಲೆ ಒಂಥರಾ ಸಮಾಧಾನ, ಇವಳ ಅತ್ತೆ ಮಗಳು ನಮ್ಮೂರಲ್ಲಿ ಇರಲ್ಲ ಅನ್ನೋ ಧೈರ್ಯ. ನಮ್ಮ ಪ್ರೊಮೋತೋರ್, ಅಂದ್ರೆ ಸಮುದಾಯದೊಳಗಿಂದಲೇ ಬಂದ ಆರೋಗ್ಯ ಕಾರ್ಯಕರ್ತ, ಹೊರಗೆ ನಿಂತು ನಗಿಸ್ತಾ ಎಲ್ಲರನ್ನೂ ಹುರಿದುಂಬಿಸ್ತಾನೆ, ಅವನೂ ಒಂದು ಕಾಲಕ್ಕೆ ತಂಬಾಕು ಕಿತ್ತವನೇ, ಆದ್ರೆ ಸೆಕ್ಸ್ ಬಗ್ಗೆ ಒಳಗಿನ ಪ್ರಶ್ನೆ ಅವನ ಹತ್ರ ಯಾರೂ ಹೇಳ್ಕೊಳಲ್ಲ, ಅವನು ಭಾನುವಾರ ಅವರ ಜೊತೆ ಫುಟ್ಬಾಲ್ ಆಡೋನಲ್ವಾ. ಕರೆತರೋಕೆ ಅವನೇ ಬೇಕು, ಬಾಯಿ ಬಿಡಿಸೋಕೆ ನಾನು. ಫುಟ್ಬಾಲ್ ದಾರಿ ನಾವು ಕಂಡುಹಿಡಿದದ್ದೇನಲ್ಲ, ಇದೇ ರಾಜ್ಯದಲ್ಲಿ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ಸ್ಕಾಟ್ ರೋಡ್ಸ್ ಅವರ ತಂಡ ಓಂಬ್ರೆಸ್ ಅನ್ನೋ ಕಾರ್ಯಕ್ರಮದಲ್ಲಿ ಲ್ಯಾಟಿನೋ ಫುಟ್ಬಾಲ್ ಲೀಗಿನ ಆಟಗಾರರನ್ನೇ ಟ್ರೈನ್ ಮಾಡಿ ಕಾಂಡೋಮ್ ಬಳಕೆನೂ ಟೆಸ್ಟಿಂಗೂ ಹೆಚ್ಚು ಮಾಡಿ ತೋರಿಸಿದ್ರು.

ಪ್ರಶ್ನೆ ಕೇಳೋ ರೀತಿ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳ್ಬೇಕು, ಇಡೀ ಕೆಲಸ ನಿಂತಿರೋದು ಅಲ್ಲೇ. ನಮ್ಮ ಫಾರ್ಮಲ್ಲಿ ಒಂದು ಕಾಲಂ ಇದೆ, ನೀವು ಗೇ, ಬೈಸೆಕ್ಷುವಲ್, ಸ್ಟ್ರೇಟ್, ಯಾವುದು ಅಂತ. ನಾನದನ್ನ ಕೊನೆಗೆ ಕೇಳ್ತೀನಿ, ಮೊದಲೇ ಕೇಳಿದ್ರೆ ಎಲ್ಲರೂ ಸ್ಟ್ರೇಟ್, ಅಲ್ಲಿಗೆ ಮಾತು ಮುಗೀತು. ಹೆಂಡತಿ ಮೂರು ಮಕ್ಕಳು ಇರೋ ಗಂಡಸು, ಶನಿವಾರ ರಾತ್ರಿ ಕುಡಿದಾಗ ಪಕ್ಕದ ಮಂಚದವನ ಜೊತೆ ಆಗಿದ್ದನ್ನ ಗೇ ಅನ್ನೋ ಪೆಟ್ಟಿಗೆಗೆ ಯಾಕೆ ಹಾಕ್ತಾನೆ, ಅವನ ಪ್ರಕಾರ ಅವನು ಗೇ ಅಲ್ಲ, ನನಗೂ ಅವನು ಏನು ಅನ್ನೋದು ಬೇಕಾಗಿಲ್ಲ, ಏನು ಮಾಡಿದ ಅನ್ನೋದು ಬೇಕು. ಹಂಗಾಗಿ ಹೀಗೆ ಶುರು ಮಾಡ್ತೀನಿ: "ಇದನ್ನ ಎಲ್ಲರಿಗೂ ಕೇಳ್ತೀನಿ, ನಿಮಗೊಬ್ಬರಿಗೇ ಅಲ್ಲ. ಇಲ್ಲಿಗೆ ಬಂದ್ಮೇಲೆ ಹೆಂಗಸರ ಜೊತೆನಾ, ಗಂಡಸರ ಜೊತೆನಾ, ಇಬ್ಬರ ಜೊತೆನೂನಾ?" ಮೂರನ್ನೂ ಒಂದೇ ದನಿಯಲ್ಲಿ ಹೇಳ್ಬೇಕು, ಕಣ್ಣು ಬಿಪಿ ಯಂತ್ರದ ಮೇಲಿರ್ಬೇಕು. ಆಮೇಲೆ ಬಾಯಿಂದನಾ, ಮುಂದಿನಿಂದನಾ, ಹಿಂದಿನಿಂದನಾ, ಅದನ್ನೂ ಕೇಳಲೇಬೇಕು, ಯಾಕಂದ್ರೆ ಮೂತ್ರದ ಟೆಸ್ಟ್ ಒಂದನ್ನೇ ಮಾಡಿದ್ರೆ ಗಂಟಲಲ್ಲಿ, ಗುದದಲ್ಲಿ ಇರೋ ಗೊನೋರಿಯಾ, ಕ್ಲಮಿಡಿಯಾ (ಇವೂ ಸೆಕ್ಸಿನಿಂದ ಹರಡೋ ಸೋಂಕುಗಳು) ಸಿಗೋದೇ ಇಲ್ಲ, ಅಲ್ಲಿದ್ರೆ ಹೆಚ್ಚಿನ ಸಲ ಯಾವ ಲಕ್ಷಣವೂ ಇರಲ್ಲ. ಸ್ವಾಬ್ ಅವರೇ ತಗೋಬಹುದು, ಚಿತ್ರ ತೋರಿಸಿ ಟಾಯ್ಲೆಟ್ಟಿಗೆ ಕಳಿಸ್ತೀನಿ, ನಾನು ತಗೋತೀನಿ ಅಂದ್ರೆ ಒಬ್ಬನೂ ಒಪ್ಪಲ್ಲ.

ಇಂಜೆಕ್ಷನ್ ಪ್ರಶ್ನೆಯೂ ಹಾಗೇ. ಡ್ರಗ್ಸ್ ಚುಚ್ಕೋತೀರಾ ಅಂದ್ರೆ ಇಲ್ಲ ಅಂತಾರೆ, ನಿಜವಾಗ್ಲೂ ಇಲ್ಲ. "ಈ ವರ್ಷ ಡಾಕ್ಟರ್ ಅಲ್ಲದವರು ಯಾರಾದ್ರೂ ನಿಮಗೆ ಇಂಜೆಕ್ಷನ್ ಕೊಟ್ರಾ, ವಿಟಮಿನ್ ಆದ್ರೂ ಸರಿ" ಅಂತ ಕೇಳಿ, ಆಗ ಹೊರಗೆ ಬರುತ್ತೆ. ಸುಸ್ತಿಗೆ ಬಿ ಕಾಂಪ್ಲೆಕ್ಸ್, ಜ್ವರಕ್ಕೆ ಪೆನಿಸಿಲಿನ್, ಕ್ಯಾಂಪಿನಲ್ಲೇ ಚುಚ್ಚೋಕೆ ಗೊತ್ತಿರೋನು ಒಬ್ಬ ಇರ್ತಾನೆ, ಸಿರಿಂಜು ಕೆಲವು ಸಲ ಒಂದೇ. ಕೆಲವು ಟಿಯೆಂಡಾಗಳಲ್ಲಿ, ಅಂದ್ರೆ ಲ್ಯಾಟಿನೋ ಕಿರಾಣಿ ಅಂಗಡಿಗಳಲ್ಲಿ, ಕೌಂಟರ್ ಕೆಳಗೆ ಆಂಪಿಸಿಲಿನ್ ಮಾತ್ರೆ ಸಿಗುತ್ತೆ. ನಾಲ್ಕು ಮಾತ್ರೆ ತಗೊಂಡು ಉರಿ ಕಮ್ಮಿಯಾಯ್ತು ಅಂತ ಸುಮ್ಮನಾಗ್ತಾರೆ. ಇನ್ನು ಉರಿ ಮೂತ್ರ ಅಂದ್ರೆ ಬಿಸಿಲಿಂದ ಅಂತಲೇ ಅವರ ನಂಬಿಕೆ, ನಾವು ಉಷ್ಣ ಆಗಿದೆ ಅಂತ ಎಳನೀರು ಕುಡಿಯೋ ಹಾಗೇ, ಮತ್ತೆ ಅದು ಪೂರ್ತಿ ತಪ್ಪೂ ಅಲ್ಲ, ಆ ಬಿಸಿಲಲ್ಲಿ ನೀರು ಕಮ್ಮಿ ಕುಡಿದ್ರೆ ಉರಿ ಬರೋದು ಸಹಜ, ಅದಕ್ಕೇ ವಾದ ಮಾಡ್ದೆ "ಬಿಸಿಲೇ ಇರಬಹುದು, ಆದ್ರೂ ಒಂದು ಟೆಸ್ಟ್ ಮಾಡೋಣ" ಅಂತೀನಿ.

ಎಚ್‌ಐವಿಗೆ ಬೆರಳು ಚುಚ್ಚೋ ರ‍್ಯಾಪಿಡ್ ಟೆಸ್ಟ್, ಇಪ್ಪತ್ತು ನಿಮಿಷ. ಆ್ಯಂಟಿಬಾಡಿ ಮಾತ್ರ ನೋಡೋ ರ‍್ಯಾಪಿಡ್ ಟೆಸ್ಟಿಗೆ ಸೋಂಕು ತಗುಲಿ 23ರಿಂದ 90 ದಿನ ಆಗಿರ್ಬೇಕು, ಹೋದ ವಾರ ಏನೋ ಆಯ್ತು ಅಂತ ಬಂದವನಿಗೆ ನೆಗೆಟಿವ್ ಬಂದ್ರೆ ಅದಕ್ಕೆ ಅರ್ಥವೇ ಇಲ್ಲ. 72 ಗಂಟೆಯೊಳಗೆ ಬಂದ್ರೆ ಪೆಪ್, ಅಂದ್ರೆ ಸೋಂಕು ನೆಲೆ ಊರದ ಹಾಗೆ ತಡೆಯೋ 28 ದಿನದ ಮಾತ್ರೆ. ಶುಕ್ರವಾರ ರಾತ್ರಿಯದಕ್ಕೆ ಸೋಮವಾರ ರಾತ್ರಿಯೇ ಕೊನೆ ಗಡುವು ಅಂತ ಪ್ರೊಮೋತೋರ್ ಎಲ್ಲ ಕ್ಯಾಂಪಲ್ಲೂ ಹೇಳ್ತಾನೆ, ಭಾನುವಾರ ಸಂಜೆ ಅವನ ಫೋನು ಬಿಡುವಿಲ್ಲದೆ ಹೊಡ್ಕೊಳ್ತಿರುತ್ತೆ.

ಸೆಕ್ಸಿನಿಂದಲೇ ಹರಡೋ ಸಿಫಿಲಿಸ್ ಬಗ್ಗೆ ನನಗೆ ಎಚ್‌ಐವಿಗಿಂತ ಜಾಸ್ತಿ ತಲೆಬಿಸಿ. ಮೊದಲನೇ ಹುಣ್ಣು ನೋಯಲ್ಲ, ತಾನಾಗೇ ಮಾಯುತ್ತೆ, ನೋಯದೇ ಇರೋದಕ್ಕೆ ಕೂಲಿ ಬಿಟ್ಟು ಡಾಕ್ಟರ್ ಹತ್ರ ಹೋಗೋರು ಯಾರು. ಟ್ರೀಟ್ಮೆಂಟ್ ಮಾತ್ರ ಹಳೇದೇ, ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಎರಡು ಸಿರಿಂಜು, ಒಂದೊಂದು ಕುಂಡೆಗೆ ಒಂದೊಂದು. ಫ್ರಿಜ್ಜಿನಲ್ಲಿಟ್ಟ ಔಷಧಿ, ವ್ಯಾನಲ್ಲಿ ಐಸ್ ಪೆಟ್ಟಿಗೆಯಲ್ಲಿ ತರ್ತೀವಿ, ಗಂಜಿ ಥರ ಮಂದ, ತಣ್ಣಗೇ ಚುಚ್ಚಿದ್ರೆ ಜೀವ ಹೋಗುತ್ತೆ, ಹಾಗಾಗಿ ಅಂಗೈಯಲ್ಲಿ ಹಿಡ್ಕೊಂಡು ಉರುಳಿಸ್ತಾ ಬೆಚ್ಚಗೆ ಮಾಡ್ತೀನಿ, ಅಷ್ಟರಲ್ಲಿ ಅಲರ್ಜಿ ಇದೆಯಾ, ಹಿಂದೆ ಪೆನಿಸಿಲಿನ್ ತಗೊಂಡಾಗ ಮೈಯೆಲ್ಲ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ ಅಂತೆಲ್ಲ ಕೇಳಿ ಮುಗಿಸ್ತೀನಿ. ಚುಚ್ಚಿದ್ಮೇಲೆ ನಿಧಾನಕ್ಕೆ, ತುಂಬಾ ನಿಧಾನಕ್ಕೆ ತಳ್ಳಬೇಕು, ಅವಸರ ಮಾಡಿದ್ರೆ ನೋವೂ ಜಾಸ್ತಿ, ಸೂಜಿನೂ ಕಟ್ಕೊಳುತ್ತೆ. ಆರಡಿ ಆಳು, ದಿನಕ್ಕೆ ಹತ್ತು ಗಂಟೆ ಗೆಣಸಿನ ಬಕೆಟ್ ಹೊರೋನು, ಗೋಡೆಗೆ ಹಣೆ ಒತ್ತಿ ಯಾವ್ಯಾವುದೋ ಕನ್ಯೆಮೇರಿಯನ್ನೆಲ್ಲ ಕರೀತಾನೆ. ಆಮೇಲೆ ಅಲರ್ಜಿ ಏನಾದ್ರೂ ಆಗುತ್ತಾ ನೋಡೋಕೆ ಅರ್ಧ ಗಂಟೆ ಕೂರಿಸ್ಕೋಬೇಕು.

ಇದಾದ್ಮೇಲೆ ಹೇಳಲೇಬೇಕಾದ ಒಂದು ಮಾತಿದೆ, ಕ್ಲಿನಿಕ್ಕಿನ ಕಾಗದದಲ್ಲಿ ಸಣ್ಣಕ್ಷರದಲ್ಲಿ ಇರುತ್ತೆ. ಮೊದಲ ದಿನದೊಳಗೆ ಜ್ವರ, ಚಳಿ, ಮೈಕೈ ನೋವು ಬರಬಹುದು, ಬ್ಯಾಕ್ಟೀರಿಯಾ ಒಟ್ಟಿಗೆ ಸಾಯೋದ್ರಿಂದ ಆಗೋ ರಿಯಾಕ್ಷನ್ ಅದು. ಆಫೀಸಲ್ಲಿ ಕೂರೋನಿಗೆ ಪರವಾಗಿಲ್ಲ, ಜ್ವರ ಬಂದ ಮೈಯಲ್ಲಿ ಬಿಸಿಲಿನ ತಂಬಾಕು ಹೊಲಕ್ಕಿಳಿದ್ರೆ ಹೀಟ್ ಸ್ಟ್ರೋಕ್‌ಗೆ ದಾರಿ, ಅದಕ್ಕೇ ಸಾಧ್ಯವಾದಷ್ಟೂ ಶನಿವಾರ ಸಂಜೆ ಇಂಜೆಕ್ಷನ್ ಕೊಡ್ತೀವಿ, ಭಾನುವಾರ ಮಲಗಿರ್ಲಿ ಅಂತ. ಕ್ಲಮಿಡಿಯಾಕ್ಕೆ ಕೊಡೋ ಡಾಕ್ಸಿಸೈಕ್ಲಿನ್‌ದೂ ಬಿಸಿಲಿನ ತೊಂದರೆನೇ, ಏಳು ದಿನ ದಿನಕ್ಕೆರಡು ಮಾತ್ರೆ, ಆ ವಾರ ಬಿಸಿಲಿಗೆ ಚರ್ಮ ಸುಡುತ್ತೆ, ಉದ್ದ ತೋಳಿನ ಅಂಗಿ, ಟೋಪಿ, ಮಾತ್ರೆ ನುಂಗಿ ತಕ್ಷಣ ಮಲಗಬಾರದು, ದೊಡ್ಡ ಲೋಟ ನೀರು. ಇದ್ಯಾವುದೂ ನಡೆಯಲ್ಲ ಅಂತ ಅನ್ನಿಸಿದ್ರೆ ಔಷಧಿ ಬರೆಯೋ ಅಧಿಕಾರ ಇರೋ ನಮ್ಮ ನರ್ಸ್ ಪ್ರಾಕ್ಟೀಷನರ್‌ಗೆ ಫೋನ್ ಹಚ್ಚಿ ಒಂದೇ ಡೋಸಿನ ಅಜಿಥ್ರೋಮೈಸಿನ್ ಆಗುತ್ತಾ ಅಂತ ಕೇಳ್ತೀನಿ, ಗುದದ ಸೋಂಕಿಗೆ ಅದು ಅಷ್ಟು ಕೆಲಸ ಮಾಡಲ್ಲ, ಹಾಗಾಗಿ ಮೇಲೆ ಹೇಳಿದ ಪ್ರಶ್ನೆಗೆ ಮತ್ತೆ ಬಂದು ನಿಲ್ಲುತ್ತೆ.

ಸೋಂಕು ಯಾವಾಗ ಬಂತೋ ಗೊತ್ತಿಲ್ಲ ಅಂದ್ರೆ ವಾರಕ್ಕೊಂದರಂತೆ ಮೂರು ಸಲ ಇಂಜೆಕ್ಷನ್. ಎರಡನೇದಕ್ಕೆ ಹೋದ್ರೆ ಆಳು ಇಲ್ಲ, ಪೇಪರ್ ಇಲ್ಲದವರ ಗುಂಪು ಬೇರೆ ರಾಜ್ಯಕ್ಕೆ ಹೊರಟು ಹೋಗಿರುತ್ತೆ, ಚಳಿಗಾಲ ಫ್ಲೋರಿಡಾ, ಆಮೇಲೆ ಜಾರ್ಜಿಯಾ, ಆಮೇಲೆ ನಾವು, ಆಮೇಲೆ ಇನ್ನೂ ಉತ್ತರಕ್ಕೆ, ಬೆಳೆ ಹಿಂದೆ ಹೋಗೋರು. ಇಂಥವರಿಗೆ ಮೈಗ್ರೆಂಟ್ ಕ್ಲಿನಿಶಿಯನ್ಸ್ ನೆಟ್‌ವರ್ಕ್‌ನವರು ಹೆಲ್ತ್ ನೆಟ್‌ವರ್ಕ್ ಅಂತ ಒಂದು ವ್ಯವಸ್ಥೆ ನಡೆಸ್ತಾರೆ, ಪೇಷೆಂಟ್ ಒಪ್ಪಿಗೆ ಬರೆಸ್ಕೊಂಡು ಹೆಸರು ಸೇರಿಸಿದ್ರೆ ಅವರೇ ಅವನ ಹಿಂದೆ ಫೋನ್ ಮಾಡ್ತಾ ಮುಂದಿನ ಊರಿನ ಕ್ಲಿನಿಕ್ ಹುಡುಕಿ ರೆಕಾರ್ಡ್ ಕಳಿಸ್ತಾರೆ, ಬೇರೆ ದೇಶಕ್ಕೆ ಹೋದ್ರೂನೂ. ಮೊದಲನೇ ಇಂಜೆಕ್ಷನ್ ದಿನಾನೇ ಸೇರಿಸ್ಬಿಡಿ, ಆಮೇಲೆ ನೋಡೋಣ ಅಂದ್ರೆ ಆಗಲ್ಲ. ಜೊತೆಗೆ ಆರ್‌ಪಿಆರ್ ಟೈಟರ್, ಅಂದ್ರೆ ಸಿಫಿಲಿಸ್ ಎಷ್ಟು ಚುರುಕಾಗಿದೆ ಅಂತ ತೋರಿಸೋ ರಕ್ತ ಪರೀಕ್ಷೆಯ ಸಂಖ್ಯೆ, ಎಷ್ಟಿತ್ತು, ಯಾವ ತಾರೀಕು ಯಾವ ಔಷಧಿ ಅಂತ ಸ್ಪ್ಯಾನಿಷ್‌ನಲ್ಲಿ ಒಂದು ಚೀಟಿ, ಯಾಕಂದ್ರೆ ರ‍್ಯಾಪಿಡ್ ಸಿಫಿಲಿಸ್ ಟೆಸ್ಟ್ ವಾಸಿಯಾದ್ಮೇಲೂ ಪಾಸಿಟಿವ್ ತೋರಿಸ್ತಾನೇ ಇರುತ್ತೆ, ಟೈಟರ್ ಗೊತ್ತಿಲ್ಲದ ಮುಂದಿನ ಕ್ಲಿನಿಕ್ಕಿನವರು ಮತ್ತೆ ಮೊದಲಿಂದ ಮೂರು ಸಲ ಚುಚ್ತಾರೆ.

ರಿಸಲ್ಟ್ ತಿಳಿಸೋದು ಫೋನಲ್ಲಿ, ಆದ್ರೆ ಆ ಫೋನನ್ನ ನಾಲ್ಕು ಜನ ಬಳಸ್ತಿರ್ತಾರೆ. ಟೆಸ್ಟ್ ದಿನಾನೇ ಇಬ್ಬರಿಗೆ ಮಾತ್ರ ಗೊತ್ತಿರೋ ಒಂದು ಗುರುತಿನ ಮಾತು ಇಟ್ಕೋತೀವಿ, ಅವನ ಊರಿನ ಫುಟ್ಬಾಲ್ ಟೀಮ್, ಅವನ ಕುದುರೆ ಹೆಸರು, ಏನಾದ್ರೂ. ವಾಟ್ಸಾಪ್‌ನಲ್ಲಿ "ಪೇಪರ್ ರೆಡಿ ಇದೆ, ಫೋನ್ ಮಾಡಿ" ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದ ತಿಂಗಳು ಅಕ್ಟೋಬರ್. ನವೆಂಬರ್‌ಗೆ ಬಸ್ಸುಗಳು ಮೆಕ್ಸಿಕೋದ ಮಾಂಟೆರ‍್ರೆ ಕಡೆ ಹೊರಡ್ತಾವೆ, ಅಲ್ಲಿಂದ ಊರಿಗೆ, ಹೆಂಡತಿ ಹತ್ರ. ಏಪ್ರಿಲ್‌ನಲ್ಲಿ ಬಂದಾಗ ಒಂದು ಟೆಸ್ಟ್, ಹೋಗೋಕೆ ಮುಂಚೆ ಒಂದು, ಎರಡರಲ್ಲಿ ಒಂದೇ ಮಾಡೋಕಾಗೋದು ಅಂದ್ರೆ ನಾನು ಕಣ್ಣು ಮುಚ್ಚಿ ಎರಡನೇದು ಅಂತೀನಿ. ಭಾರತದ ಎಚ್‌ಐವಿ ಕಾರ್ಯಕ್ರಮದಲ್ಲಿ ವಲಸಿಗರನ್ನ, ಲಾರಿಯವರನ್ನ ಬ್ರಿಡ್ಜ್ ಪಾಪುಲೇಷನ್ ಅಂತಾರಲ್ಲ, ಸೋಂಕು ಹೆದ್ದಾರಿಯಿಂದ ಹಳ್ಳಿಯ ಹೆಂಡತಿಗೆ ದಾಟೋದು ಇವರ ಮೂಲಕ ಅಂತ, ಬಾಗಲಕೋಟೆ ಬೆಳಗಾವಿ ಕಡೆ ಕೆಲಸ ಮಾಡಿದವರಿಗೆ ಹೇಳ್ಬೇಕಾಗಿಲ್ಲ. ಇಲ್ಲಿ ಆ ಹಳ್ಳಿ ಇನ್ನೊಂದು ದೇಶದಲ್ಲಿದೆ, ಅವಳನ್ನ ಕರೆಸಿ ಟೆಸ್ಟ್ ಮಾಡೋ ಅಧಿಕಾರ ನಮಗಿಲ್ಲ.

ಹೋದ ಸೀಸನ್‌ನಲ್ಲಿ ಒಬ್ಬರು, ನಲವತ್ತರ ಆಸುಪಾಸು, ಸಿಫಿಲಿಸ್ ಪಾಸಿಟಿವ್, ಜೂನ್‌ನಲ್ಲಿ ತಂಗಿ ಮದುವೆಗೆ ಅಂತ ಊರಿಗೆ ಹೋಗಿ ಬಂದಿದ್ರು, ಹೆಂಡತಿ ಈಗ ಬಸುರಿ. ಬಸುರಿಗೆ ಇದ್ರೆ ಮಗುವಿಗೆ ಹೋಗುತ್ತೆ, ಮಗು ಸಾಯಲೂಬಹುದು, ಅಮೆರಿಕದಲ್ಲೇ 2022ರಲ್ಲಿ 3,700ಕ್ಕೂ ಹೆಚ್ಚು ಕೂಸುಗಳಿಗೆ ಹುಟ್ಟಿನಿಂದ ಸಿಫಿಲಿಸ್ ಇತ್ತು. "ಅವಳಿಗೆ ನಾನು ಏನಂತ ಹೇಳಲಿ, ಸೆನ್ಯೋರಾ?" ಅಂದ್ರು. ನಾನು ಉಪದೇಶ ಮಾಡ್ಲಿಲ್ಲ, ಇಬ್ಬರೂ ಕೂತು ವಾಕ್ಯ ಕಟ್ಟಿದ್ವಿ: "ಇಲ್ಲಿ ರಕ್ತ ಪರೀಕ್ಷೆ ಮಾಡಿದ್ರು, ನನಗೊಂದು ಸೋಂಕು ಇದೆ, ಔಷಧಿ ತಗೊಂಡೆ, ನಿನಗೂ ಮಗುವಿಗೂ ತಗುಲಿರಬಹುದು, ನಾಳೇನೇ ಹೆಲ್ತ್ ಸೆಂಟರ್‌ಗೆ ಹೋಗಿ ಸಿಫಿಲಿಸ್ ಟೆಸ್ಟ್ ಮಾಡಿಸು." ತಪ್ಪೊಪ್ಪಿಗೆ ಆಮೇಲೆ ಗಂಡ ಹೆಂಡತಿ ನೋಡ್ಕೋಬಹುದು, ಔಷಧಿ ಕಾಯಲ್ಲ. ಫೋನ್ ಮಾಡೋ ಮುಂಚೆ ಆ ವಾಕ್ಯಗಳನ್ನ ನನ್ನ ಎದುರಿಗೆ ಮೂರು ಸಲ ಜೋರಾಗಿ ಹೇಳಿಸ್ದೆ. ಅಲ್ಲಿಯ ಡಾಕ್ಟರಿಗೆ ತೋರಿಸೋಕೆ, ಇವರ ಹೆಸರಿಲ್ಲದೆ, ಸಂಪರ್ಕಕ್ಕೆ ಬಂದಿರೋ ಬಸುರಿಗೆ ಟೆಸ್ಟೂ ಪೆನಿಸಿಲಿನ್ನೂ ಬೇಕು ಅಂತ ನಮ್ಮ ಪ್ರಾಕ್ಟೀಷನರ್ ಸ್ಪ್ಯಾನಿಷ್‌ನಲ್ಲಿ ಒಂದು ಪತ್ರ ಬರೆದ್ರು, ಫೋಟೋ ತೆಗೆದು ಕಳಿಸಿದ್ರು.

ಎಚ್‌ಐವಿ ಪಾಸಿಟಿವ್ ಬಂದವರಿಗೆ ಮೊದಲು ಹೇಳೋದು ಎರಡೇ ವಿಷಯ. ಒಂದು, ಮಾತ್ರೆ ತಗೊಂಡು ವೈರಸ್ ಟೆಸ್ಟಿನಲ್ಲಿ ಕಾಣದಷ್ಟು ಇಳಿದ್ರೆ ಸೆಕ್ಸಿನಿಂದ ಹೆಂಡತಿಗೆ ಹರಡಲ್ಲ. ಎರಡು, ಇದರಿಂದ ನಿಮ್ಮನ್ನ ದೇಶದಿಂದ ಹೊರಗೆ ಹಾಕಲ್ಲ. ಎಚ್‌ಐವಿ ಇರೋರು ಅಮೆರಿಕಕ್ಕೆ ಬರಬಾರದು ಅನ್ನೋ ನಿರ್ಬಂಧ 2010ರ ಜನವರಿಯಲ್ಲೇ ಹೋಗಿದೆ, ಆದ್ರೆ ಕ್ಯಾಂಪುಗಳಲ್ಲಿ ಇವತ್ತಿಗೂ ಜನ ಅದು ಇನ್ನೂ ಇದೆ ಅಂತ ನಂಬ್ಕೊಂಡೇ ಕೂತಿದಾರೆ. ಎಚ್‌ಐವಿ ಚಿಕಿತ್ಸೆಗೆ ಸರ್ಕಾರ ದುಡ್ಡು ಕೊಡೋ ರಯಾನ್ ವೈಟ್ ಕಾರ್ಯಕ್ರಮದಲ್ಲಿ ಪೇಪರ್ ಇಲ್ಲದವರಿಗೂ ಔಷಧಿ ಸಿಗುತ್ತೆ. ಊರಿಗೆ ಹೋದ್ಮೇಲೆ ಮೆಕ್ಸಿಕೋದಲ್ಲಿ 2003ರಿಂದ ಚಿಕಿತ್ಸೆ ಸರ್ಕಾರದ್ದೇ, ಕಪಾಸಿಟ್ಸ್ ಅನ್ನೋ ಕ್ಲಿನಿಕ್ಕುಗಳಿವೆ, ಬಸ್ ಹತ್ತೋ ಮುಂಚೆ ಅವರ ಊರಿಗೆ ಹತ್ತಿರದ್ದು ಯಾವುದು ಅಂತ ಹುಡುಕಿ ಬರೆದುಕೊಡ್ತೀವಿ.

ಪ್ರೆಪ್, ಅಂದ್ರೆ ಎಚ್‌ಐವಿ ತಗುಲದ ಹಾಗೆ ಮುಂಚೇನೇ ತಗೊಳ್ಳೋ ಔಷಧಿ, ಅದರ ಬಗ್ಗೆ ಒಂದು ಅಸಮಾಧಾನ ಹೇಳ್ತೀನಿ. ದಿನಕ್ಕೊಂದು ಮಾತ್ರೆ 2012ರಿಂದ ಇದೆ, ಆದ್ರೆ ಹನ್ನೆರಡು ಜನರ ಶೆಡ್ಡಿನಲ್ಲಿ ದಿನಾ ಒಂದೇ ಹೊತ್ತಿಗೆ ಡಬ್ಬಿ ತೆಗೆಯೋನಿಗೆ ಯಾವ ಕಾಯಿಲೆ ಅಂತ ಎಲ್ಲರೂ ಕೇಳ್ತಾರೆ. 2025ರ ಜೂನ್‌ನಲ್ಲಿ ಪ್ರೆಪ್ ಆಗಿ ಲೆನಕಪವಿರ್ ಇಂಜೆಕ್ಷನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಸಿಕ್ತು, ಆರು ತಿಂಗಳಿಗೆ ಒಂದು ಸಲ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು, ಈ ಸೀಸನ್ನಿಗೆ ಅಳತೆ ತಗೊಂಡು ಹೊಲಿದ ಹಾಗಿದೆ. ಒಪ್ಪಿಗೆ ಸಿಕ್ಕಾಗ ಅದರ ಪಟ್ಟಿ ಬೆಲೆ ವರ್ಷಕ್ಕೆ 28 ಸಾವಿರ ಡಾಲರ್ ಮೇಲೆ ಇತ್ತು. ಕಂಪನಿಯ ಸಹಾಯದ ಅರ್ಜಿಗೆ ಆದಾಯದ ದಾಖಲೆ, ವಿಳಾಸ ಎಲ್ಲ ಬೇಕು, ಇವರ ವಿಳಾಸ ನವೆಂಬರ್‌ಗೆ ಮುಗಿಯುತ್ತೆ.

ಭಯದ ಮಾತೂ ಬಿಡೋ ಹಾಗಿಲ್ಲ. 2025ರ ಜನವರಿಯಲ್ಲಿ ಆಸ್ಪತ್ರೆ, ಚರ್ಚು, ಶಾಲೆಗಳಲ್ಲಿ ಇಮಿಗ್ರೇಷನ್‌ನವರು ಸುಲಭಕ್ಕೆ ಹಿಡಿಯಬಾರದು ಅನ್ನೋ ಹಳೇ ನಿಯಮ ತೆಗೆದ್ಮೇಲೆ ಪೇಪರ್ ಇಲ್ಲದವರು ಕ್ಲಿನಿಕ್ಕಿಗೆ ಬರೋದು ಎದ್ದು ಕಾಣೋ ಹಾಗೆ ಕಮ್ಮಿಯಾಯ್ತು, ವ್ಯಾನ್ ನೋಡಿದ್ರೂ ಒಳಗೆ ಹೋಗಿ ಬಾಗಿಲು ಹಾಕ್ಕೋತಾರೆ. ಅದಕ್ಕೇ ಈಗ ನಾವು ಬರೋ ಮುಂಚೆ ಪ್ರೊಮೋತೋರ್ ವ್ಯಾನಿನ ಫೋಟೋ, ನಂಬರ್ ಪ್ಲೇಟ್, ನನ್ನ ಮುಖ, ಎಲ್ಲ ವಾಟ್ಸಾಪ್‌ನಲ್ಲಿ ಮುಂಚಿತವಾಗಿ ಕಳಿಸ್ತಾನೆ. ಹುಟ್ಟಿದ ದೇಶ, ವೀಸಾ, ಇದ್ಯಾವುದನ್ನೂ ನಾವು ಕೇಳೋದೂ ಇಲ್ಲ, ಬರೆಯೋದೂ ಇಲ್ಲ.

ಈ ಕೆಲಸಕ್ಕೆ ಬರಬೇಕು ಅನ್ನೋ ನಮ್ಮ ಕನ್ನಡದ ನರ್ಸುಗಳು ಸ್ಪ್ಯಾನಿಷ್ ಎಷ್ಟು ಬರಬೇಕು ಅಂತ ಕೇಳ್ತೀರಿ. ಉಚ್ಚಾರಣೆ ನಮಗೆ ಕಷ್ಟ ಅಲ್ಲ, ತ ದ ಎಲ್ಲ ನಮ್ಮ ಹಾಗೇ. ಮೈಯ ಭಾಗಗಳಿಗೆ ಪುಸ್ತಕದ ಪದ, ಕ್ಯಾಂಪಿನ ಪದ ಎರಡೂ ಕಲೀರಿ, ಕ್ಯಾಂಪಿನ ಪದ ಕೇಳಿ ಅರ್ಥ ಮಾಡ್ಕೊಳೋಕೆ, ನೀವು ಆಡೋಕಲ್ಲ, ವಯಸ್ಸಾದವರನ್ನ ಮರ್ಯಾದೆಗೆ ದೋನ್ ಅಂತ ಕರೆದು ಉಸ್ತೇದ್, ಅಂದ್ರೆ ನಮ್ಮ ತಾವು, ಹಾಕಿಯೇ ಮಾತಾಡಿ. ಮಾಮ್, ಇಲ್ಲಾ ಮೆಕ್ಸಿಕೋದ ಮೂಲನಿವಾಸಿಗಳ ಮಿಷ್ಟೆಕೋ ಭಾಷೆಯವರಿಗೆ ಮಾತ್ರ ಫೋನ್ ದುಭಾಷಿ ಬುಕ್ ಮಾಡಲೇಬೇಕು, ಅವರ ಸ್ನೇಹಿತನ್ನ ನಡುವೆ ಕೂರಿಸಬೇಡಿ, ಮತ್ತೆ ಲೈನ್ ಸಿಕ್ಕ ತಕ್ಷಣ ದುಭಾಷಿಗೆ ಹೇಳಿ: "ನೀವು ಯಾವ ಊರಿನವರು ಅಂತ ಹೇಳಬೇಡಿ, ಪೇಷೆಂಟ್ ಹೆಸರೂ ಕೇಳಬೇಡಿ." ಮಾಮ್ ಆಡೋರ ಊರುಗಳು ಅಕ್ಕಪಕ್ಕದಲ್ಲೇ ಇವೆ, ಫೋನಿನ ಆ ಕಡೆ ಇರೋ ದುಭಾಷಿ ಪೇಷೆಂಟಿನ ಚಿಕ್ಕಪ್ಪನೇ ಆಗಿರಬಹುದು.